ಭೇದಿ, ಜುಲಾಬು, ವಿರೇಚನ: ಹುಬ್ಬಳ್ಳಿ-ಧಾರವಾಡ ಪರಿಸರದ ಕೆಲವು ವೈದ್ಯಪದಗಳು

ಒಂದು ಪ್ರದೇಶದ ವೈದ್ಯಚರಿತ್ರೆಗೆ ಶಾಸ್ತ್ರಗ್ರಂಥಗಳಷ್ಟೇ ಮನೆಮಾತಿನ ಪದಗಳೂ ಆಕರಗಳಾಗಿವೆ. ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಕೋಷ್ಠಶುದ್ಧಿಯ ಮದ್ದಿಗೆ ಸಂಬಂಧಿಸಿದ ವಿರೇಚನ, ಭೇದಿ, ಜುಲಾಬು ಎಂಬ ಮೂರು ಪದಗಳು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿವೆ.

ವಿರೇಚನವು ಪಂಚಕರ್ಮಗಳಲ್ಲೊಂದು. ಚರಕಸಂಹಿತೆಯು ಸುಖವಿರೇಚನಕ್ಕೆ ತ್ರಿವೃತ್ತನ್ನು (ತಿಗಡೆ), ಮೃದುವಿರೇಚನಕ್ಕೆ ಚತುರಂಗುಲವನ್ನು (ಕಕ್ಕೆ), ತೀಕ್ಷ್ಣವಿರೇಚನಕ್ಕೆ ಕಳ್ಳಿಯ ಹಾಲನ್ನು ಶ್ರೇಷ್ಠವೆಂದು ಹೇಳುತ್ತದೆ. ಶಾರ್ಙ್ಗಧರಸಂಹಿತೆಯು ಅನುಲೋಮನ, ಸ್ರಂಸನ, ಭೇದನ, ರೇಚನ ಎಂಬ ನಾಲ್ಕು ಬಗೆಗಳನ್ನು ವಿಂಗಡಿಸಿ, ಕ್ರಮವಾಗಿ ಅಳಲೆ, ಕಕ್ಕೆ, ಕಟುಕರೋಹಿಣಿ, ತಿಗಡೆಗಳನ್ನು ಉದಾಹರಿಸುತ್ತದೆ. ಅಂದರೆ ಶಾಸ್ತ್ರದಲ್ಲಿ ಭೇದನವು ನಾಲ್ಕರಲ್ಲಿ ಒಂದು ಮಾತ್ರ; ಗಟ್ಟಿಯಾದ ಮಲವನ್ನು ಒಡೆದು ಕೆಳಗಿಳಿಸುವ ಕ್ರಿಯೆ.

ಆದರೆ ಆಡುಮಾತಿನಲ್ಲಿ ಅದೇ ಧಾತುವಿನ 'ಭೇದಿ' ಎಲ್ಲ ಬಗೆಗಳನ್ನೂ ಒಳಗೊಂಡಿತು. ಅಷ್ಟೇ ಅಲ್ಲ, ಅದು ರೋಗದ ಹೆಸರೂ ಆಯಿತು. 'ಭೇದಿಗೆ ಕೊಡುವುದು' ಎಂದರೆ ಚಿಕಿತ್ಸೆ. 'ವಾಂತಿಭೇದಿ' ಎಂದರೆ ವ್ಯಾಧಿ. ಮದ್ದು ಮತ್ತು ವ್ಯಾಧಿಗಳಿಗೆ ಒಂದೇ ಪದ ನಿಂತದ್ದು ಈ ಪದದ ಚರಿತ್ರೆಯ ಮುಖ್ಯ ಸಂಗತಿ.

'ಜುಲಾಬು' ಬೇರೆ ದಾರಿಯಿಂದ ಬಂದಿತು. ಪಾರಸಿಯ 'ಗುಲಾಬ್' (ಪನ್ನೀರು) ಅರಬ್ಬಿಯಲ್ಲಿ 'ಜುಲಾಬ್' ಆಗಿ ಸಿಹಿಪಾನಕವನ್ನು ಸೂಚಿಸಿ, ಮುಂದೆ ವಿರೇಚಕದ ಅರ್ಥವನ್ನು ಪಡೆಯಿತು. ಆದಿಲಶಾಹಿಗಳು, ಸವಣೂರು ನವಾಬರು, ಪೇಶ್ವೆಯರು ಆಳಿದ ಈ ಸೀಮೆಯಲ್ಲಿ ಉರ್ದು-ಮರಾಠಿಗಳ ಸಂಪರ್ಕದಿಂದ ಅದು ಕನ್ನಡಕ್ಕೆ ಬಂದುದು ಸಹಜವೇ ಆಗಿದೆ. ಪ್ರಾಚೀನ ಸಂಹಿತೆಗಳಲ್ಲಿ ಕಾಣದ ಸೋನಾಮುಖಿಯೂ ಯುನಾನಿ ವೈದ್ಯದ ಮೂಲಕವೇ ಪ್ರಚಾರಕ್ಕೆ ಬಂದಿತು. ಪದಗಳ ಪಯಣ ಏಕಮುಖವಾಗಿರಲಿಲ್ಲ: ಸಂಸ್ಕೃತದ ತ್ರಿವೃತ್ ಅರಬ್ಬಿಯಲ್ಲಿ 'ತುರ್ಬುದ್' ಆಗಿ ಯುರೋಪನ್ನು ಮುಟ್ಟಿತು, 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥವು ಆ ಮೂಲಿಕೆಯನ್ನು ಚರ್ಚಿಸುತ್ತದೆ.

ಇವೆಲ್ಲಕ್ಕಿಂತ ಮನೆಗೆ ಹತ್ತಿರವಾದುದು ಔಡಲೆಣ್ಣೆ. ದಕ್ಷಿಣ ಕರ್ನಾಟಕದಲ್ಲಿ ಹರಳೆಣ್ಣೆ ಎನಿಸುವ ಇದಕ್ಕೆ ಉತ್ತರದಲ್ಲಿ ಈ ಹೆಸರು ಬಳಕೆಯಲ್ಲಿದೆ. ತಮಿಳಿನ 'ಆಮಣಕ್ಕು', ತೆಲುಗಿನ 'ಆಮುದಮು' ಪದಗಳೊಡನೆ 'ಔಡಲ'ವನ್ನು ಹೋಲಿಸಿದರೆ ಅದು ಎರವಲಲ್ಲ, ದ್ರಾವಿಡ ಮೂಲದ್ದೆಂಬುದು ಸ್ಪಷ್ಟ. ಇದರಲ್ಲಿನ ರಿಸಿನೋಲಿಕ್ ಆಮ್ಲವು ಕರುಳಿನ ನಿರ್ದಿಷ್ಟ ಗ್ರಾಹಕದ ಮೂಲಕ ಕೆಲಸ ಮಾಡುವುದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಪದಸಂಕರವು ಕೇವಲ ಭಾಷಾವಿಷಯವಲ್ಲ. ಅಳಲೆಕಾಯಿಗೂ ಜಾಪಾಳ ಬೀಜಕ್ಕೂ 'ಭೇದಿಮದ್ದು' ಎಂಬ ಒಂದೇ ಹೆಸರು ಸಲ್ಲುವಾಗ ಸೌಮ್ಯ-ತೀಕ್ಷ್ಣಗಳ ಭೇದವೇ ಮರೆಯಾಗುತ್ತದೆ. ಜಾಪಾಳವಾದರೋ ಶೋಧನೆಯಿಲ್ಲದೆ ಸೇವಿಸಿದರೆ ಪ್ರಾಣಾಪಾಯಕರ; ಭಾರತದ ಔಷಧ ನಿಯಮಾವಳಿಯೂ ಅದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ವ್ಯಾಧಿಯಾದ ಭೇದಿಯಲ್ಲಿ ನೀರು-ಲವಣಗಳನ್ನು ತುಂಬಿಕೊಡಬೇಕೇ ಹೊರತು ಇನ್ನಷ್ಟು ವಿರೇಚನವನ್ನಲ್ಲ. ಆದ್ದರಿಂದ ಪ್ರಾದೇಶಿಕ ವೈದ್ಯಪದಕೋಶವನ್ನು ಸಿದ್ಧಪಡಿಸುವವರು ಪ್ರತಿ ಪದಕ್ಕೂ ದ್ರವ್ಯ, ತೀಕ್ಷ್ಣತೆ, ರೋಗಾರ್ಥ, ಬಳಕೆಯ ಸೀಮೆ ಇವುಗಳನ್ನು ಪ್ರತ್ಯೇಕವಾಗಿ ದಾಖಲಿಸುವುದು ಅವಶ್ಯ. ಶಾರ್ಙ್ಗಧರನು ಮಾಡಿದ ವಿಂಗಡಣೆಯು ಈ ಕಾರ್ಯಕ್ಕೆ ಇಂದಿಗೂ ಉತ್ತಮ ಮಾದರಿಯಾಗಿದೆ.