ಲಕ್ಕಮ್ಮನ ಅಳತೆ

ಹನ್ನೆರಡನೆಯ ಶತಮಾನದ ಕಲ್ಯಾಣ ವಲಸೆ ಬಂದವರ ಊರಾಗಿತ್ತು. ಊರು ಬಿಟ್ಟು ಬಂದಿರುವ ನಮಗೆ ಈ ಸಂಗತಿ ಬೇಗ ಕಣ್ಣಿಗೆ ಬೀಳಬೇಕು. ಅಲ್ಲಮಪ್ರಭು ಬಳ್ಳಿಗಾವೆಯವರು, ಅಕ್ಕಮಹಾದೇವಿ ಉಡುತಡಿಯವಳು, ಸಿದ್ಧರಾಮ ಸೊನ್ನಲಿಗೆಯವರು. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಬಸವಣ್ಣನವರೂ ಬಾಗೇವಾಡಿಯಿಂದ ಕೂಡಲಸಂಗಮಕ್ಕೆ ಹೋಗಿ, ಮುಂದೆ ಬಿಜ್ಜಳನ ಭಂಡಾರಿಯಾಗಿ ಕಲ್ಯಾಣಕ್ಕೆ ಬಂದವರು. ಇಂಥವರ ನಡುವೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಬಡ ಗಂಡಹೆಂಡಿರೂ ಇದ್ದರು: ಮಾರಯ್ಯ ಮತ್ತು ಲಕ್ಕಮ್ಮ.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ಉಣಬಡಿಸಿ, ಆಮೇಲೆ ತಾವು ಉಣ್ಣುವುದು ಇಬ್ಬರ ನೇಮ. ‘ಆಯ್ದಕ್ಕಿ’ ಎಂಬ ಹೆಸರು ಬಂದದ್ದು ಹಾಗೆ.

ಒಂದು ದಿನ ಮಾರಯ್ಯ ಅನುಭವದ ಮಾತುಕತೆಯಲ್ಲಿ ಮೈಮರೆತ. ಕಾಯಕ ನಿಂತಿದೆ, ಏಳು ಎಂದು ಲಕ್ಕಮ್ಮ ಎಚ್ಚರಿಸಿದಳು. ಅವನು ಅವಸರದಲ್ಲಿ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಅವಳು ಗಂಟು ನೋಡಿದವಳೇ, ಇದು ನಮ್ಮ ಅಳತೆಯಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಆಸೆ ಅರಸರ ಪಾಡು, ನಮಗೇಕೆ ಎಂಬುದು ಅವಳ ಮಾತಿನ ತಾತ್ಪರ್ಯ.

ಈ ಪ್ರಸಂಗವನ್ನು ಕಟ್ಟಿಕೊಡುವ ‘ಶೂನ್ಯಸಂಪಾದನೆ’ ರೂಪುಗೊಂಡದ್ದು 15ನೆಯ ಶತಮಾನದಲ್ಲಿ. ಆದ್ದರಿಂದ ಎಲ್ಲವೂ ಹೀಗೆಯೇ ನಡೆಯಿತೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಲಕ್ಕಮ್ಮನ ಹೆಸರಿನಲ್ಲಿ ಉಳಿದುಬಂದ ವಚನಗಳಲ್ಲಿ ಇದೇ ನಿಲುವು, ಇದೇ ಖಡಕ್ ದನಿ ಇದೆ. ಕಾಯಕವನ್ನು ಕೈಲಾಸವೆಂದು ಕರೆದ ಮಾತನ್ನು ನಾವು ಬಸವಣ್ಣನವರದೆಂದು ಹೇಳುತ್ತೇವೆ. ಅದು ಸಿಗುವುದು ಮಾರಯ್ಯನ ವಚನದಲ್ಲಿ.

‘ಇದ್ದುದರಲ್ಲಿ ತೃಪ್ತಿಪಡು’ ಎಂಬ ಉಪದೇಶದ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಅದು ಹೆಚ್ಚಾಗಿ ಉಳ್ಳವರು ಇಲ್ಲದವರಿಗೆ ಹೇಳುವ ಮಾತು. ಲಕ್ಕಮ್ಮನದು ಬೇರೆ. ಏನೂ ಇಲ್ಲದವಳು ತನ್ನ ಮನೆಗೆ ತಾನೇ ಹಾಕಿಕೊಂಡ ಅಳತೆ ಅದು. ಅವಳು ಬಡತನವನ್ನು ಹೊಗಳಲಿಲ್ಲ. ಮನಸ್ಸು ಬಡವಾಗದಂತೆ ನೋಡಿಕೊಂಡಳು. ಕಡಿಮೆ ದುಡಿಯಬೇಕೆಂದೂ ಹೇಳಲಿಲ್ಲ. ಕೆಲಸ ನಿಂತಾಗ ಗಂಡನನ್ನು ಎಬ್ಬಿಸಿದವಳೂ ಅವಳೇ, ಕೆಲಸ ಅಳತೆ ಮೀರಿದಾಗ ತಡೆದವಳೂ ಅವಳೇ. ಸಮತೋಲನ ಎಂದು ನಾವು ಇಂದು ಕರೆಯುವುದರ ಎರಡೂ ತಕ್ಕಡಿ ಅವಳ ಕೈಯಲ್ಲಿದ್ದವು.

ಕೃತಜ್ಞತೆಗೂ ಅಲ್ಲಿ ಒಂದು ನಡೆ ಇತ್ತು. ದಾನ ಕೊಡುವವನು ಎತ್ತರದಲ್ಲಿ ನಿಲ್ಲುತ್ತಾನೆ, ದಾಸೋಹ ಮಾಡುವವನು ದಾಸನಾಗಿ ನಿಲ್ಲುತ್ತಾನೆ. ಬಂದದ್ದನ್ನು ಬಂದಲ್ಲಿಗೆ ಮರಳಿಸುತ್ತಿದ್ದೇನೆ ಎಂಬ ಭಾವ ಅದರಲ್ಲಿದೆ. ಆಯ್ದ ಅಕ್ಕಿಯವರೂ ಊಟಕ್ಕೆ ಕರೆಯಬಲ್ಲವರಾದದ್ದು ಇದರಿಂದ. ಇನ್ನು ಬೆಳವಣಿಗೆಯ ಮಾತು: ಮಾರಯ್ಯ ಹೆಂಡತಿಯಿಂದ ಅರಿವು ಪಡೆಯಲು ನಾಚಲಿಲ್ಲ. ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದ ಕಾಲದಲ್ಲಿ ಅದು ಸಾಧ್ಯವಾಯಿತು.

ಆದರೆ ಆ ಊರು ಉಳಿಯಲಿಲ್ಲ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ನೆಪದಲ್ಲಿ ರಕ್ತ ಹರಿಯಿತು, 1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಶರಣರು ದಿಕ್ಕಾಪಾಲಾದರು. ಶಾಶ್ವತ ಸುಖವನ್ನು ಊರಿನ ಮೇಲೆ, ಅರಸನ ಮೇಲೆ, ಕೆಲಸ ಕೊಟ್ಟವನ ಮೇಲೆ ಕಟ್ಟಿದ್ದರೆ ಅದು ಅಂದೇ ಮುಗಿಯುತ್ತಿತ್ತು. ಉಳಿದದ್ದು ಮಾತು, ಮತ್ತು ಆ ಮಾತಿನ ಹಿಂದಿನ ಬದುಕು.

ಆ ಮಾತುಗಳು ತಾಳೆಗರಿಯಿಂದ ನಮ್ಮ ಕೈಗೆ ಬಂದದ್ದು ಹೆಚ್ಚಾಗಿ ಫ.ಗು. ಹಳಕಟ್ಟಿಯವರಿಂದ. ಅವರೂ ಮುಂಬೈಗೆ ಓದಲು ಹೋದ ಕನ್ನಡದ ಹುಡುಗ. ಕಾನೂನು ಓದಿ ವಿಜಯಪುರದಲ್ಲಿ ವಕೀಲರಾದರು. ಆದರೂ ಮನೆಮನೆ ಅಲೆದು ಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಅದಕ್ಕಾಗಿ ಮುದ್ರಣಾಲಯ ನಡೆಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಹಣ ಕೂಡಿಡಲಿಲ್ಲ.

ನಾನಿರುವ ಹೈದರಾಬಾದಿನಿಂದ ಬಸವಕಲ್ಯಾಣ ಮೂರು-ನಾಲ್ಕು ತಾಸಿನ ದಾರಿ. ಇಲ್ಲಿ ಪ್ರತಿವರ್ಷ ಸಂಬಳ ಏರುವ ತಿಂಗಳಲ್ಲಿ ಗೆಳೆಯರ ನಡುವೆ ಒಂದೇ ಮಾತು: ಯಾರಿಗೆ ಎಷ್ಟು ಏರಿತು, ಯಾರು ಎರಡನೆಯ ಫ್ಲ್ಯಾಟ್ ನೋಡುತ್ತಿದ್ದಾರೆ. ಏರಿಕೆ ತಪ್ಪೆಂದು ನಾನು ಹೇಳಲಾರೆ. ಊರಿನಲ್ಲಿ ಅಪ್ಪಅಮ್ಮನ ಔಷಧಿ, ತಂಗಿಯ ಓದು ಇದರಿಂದಲೇ ನಡೆಯಬೇಕು. ಆದರೆ ‘ಸಾಕು’ ಎಂಬುದು ಎಷ್ಟು ಎಂದು ನಮ್ಮಲ್ಲಿ ಯಾರೂ ಅಳೆದಿಲ್ಲ. ಅಳತೆ ಇಲ್ಲದವನಿಗೆ ಗಂಟು ತುಂಬಿದ್ದು ಗೊತ್ತಾಗುವುದೇ ಇಲ್ಲ. ಲಕ್ಕಮ್ಮನಿಗೆ ಗೊತ್ತಾಯಿತು, ಏಕೆಂದರೆ ದಿನದ ಅಕ್ಕಿ ಎಷ್ಟೆಂದು ಅವಳು ಮೊದಲೇ ತಿಳಿದಿದ್ದಳು.