ಹೊಸಬರ ಬಿಲ್: ಕಾಲೇಜಿಗೆ ಸೇರಿದವರಿಗೆ ‘ಕುಡಿ’ ಅಂದ 700 ವರ್ಷದ ಕಥೆ

ಭಾಗ 1 / 6

ಅಡ್ಮಿಶನ್ ಮುಗಿದು ಕ್ಲಾಸ್ ಶುರುವಾದ್ರೆ ಸಾಕು, ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ: ಫ್ರೆಶರ್ಸ್ ಯಾವಾಗ? ನಾನು ಹೇಳ್ತಿರೋದು ಆಡಿಟೋರಿಯಂನಲ್ಲಿ ದೀಪ ಹಚ್ಚಿ ನಡೆಯೋ ಫ್ರೆಶರ್ಸ್ ಡೇ ಅಲ್ಲ. ಅದು ಮುಗಿದ ಮೇಲೆ ಯಾರದೋ ಪಿಜಿ ರೂಮಲ್ಲಿ, ಬಾಗಿಲು ಹಾಕಿಕೊಂಡು ನಡೆಯೋದು. ಅಲ್ಲಿನ ಡೈಲಾಗ್‌ಗಳು ನಿಮಗೂ ಗೊತ್ತು. ‘ಒಂದು ಸಿಪ್ ಮಗಾ, ಏನೂ ಆಗಲ್ಲ.’ ‘ಸೀನಿಯರ್ ಕೊಡ್ತಿದ್ದಾರೆ, ಬೇಡ ಅಂತೀಯಾ?’ ಹುಡುಗಿಯರ ಪಾಡು ಇನ್ನೂ ವಿಚಿತ್ರ. ಕುಡಿದರೆ ಒಂದು ಹೆಸರು, ಕುಡಿಯದಿದ್ದರೆ ‘ಗೌರಮ್ಮ’ ಅನ್ನೋ ಇನ್ನೊಂದು ಹೆಸರು.

ಮನೆಯಲ್ಲಿ ದೊಡ್ಡವರನ್ನ ಕೇಳಿದರೆ ಇದು ಈಗಿನ ಕಾಲದ ಕಾಯಿಲೆ, ಬೆಂಗಳೂರಿನ ಗಾಳಿ, ಸಿನಿಮಾ ಕಲಿಸಿದ ಪಾಠ ಅಂತಾರೆ. ಸಿನಿಮಾ ಅನ್ನೋದು ಹುಟ್ಟೋ ಎಷ್ಟೋ ಶತಮಾನ ಮುಂಚೆಯೇ ಇದು ಇತ್ತು. ಯುರೋಪಿನಲ್ಲಿ ವಿಶ್ವವಿದ್ಯಾಲಯಕ್ಕೆ ಎಷ್ಟು ವಯಸ್ಸೋ ಈ ಒತ್ತಾಯಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

‘ಕುಡೀಬೇಡಿ’ ಅಂತ ಭಾಷಣ ಬಿಗಿಯೋದಕ್ಕೆ ಈ ಸರಣಿ ಬರೀತಿಲ್ಲ. ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಕಣ್ಣಿಗೆ ಬಿದ್ದದ್ದು ಬಾಟಲಿ ಅಲ್ಲ, ಬಿಲ್. ಯಾವ ಊರು, ಯಾವ ಶತಮಾನ ತೆಗೆದುಕೊಂಡರೂ ಅದನ್ನ ಕಟ್ಟಿದವರು ಹೊಸಬರೇ.

ಭಾಗ 2 / 6: ಹಳದಿ ಕೊಕ್ಕಿನ ಮರಿ

ಪ್ಯಾರಿಸ್, 14ನೇ ಶತಮಾನ. ಹದಿನಾಲ್ಕು ಹದಿನೈದು ವರ್ಷದ ಹುಡುಗರು ದೂರದ ಹಳ್ಳಿಗಳಿಂದ ಓದೋಕೆ ಬರ್ತಿದ್ದಾರೆ. ಪಾಠವೆಲ್ಲ ಲ್ಯಾಟಿನ್‌ನಲ್ಲಿ. (ಕನ್ನಡ ಮೀಡಿಯಂನಿಂದ ಬಂದು ಮೊದಲ ದಿನ ಇಂಗ್ಲಿಷ್ ಲೆಕ್ಚರ್‌ನಲ್ಲಿ ಕೂತವರಿಗೆ ಆ ಹುಡುಗನ ಮುಖ ಹೇಗಿದ್ದಿರಬಹುದು ಅಂತ ನಾನು ಹೇಳಬೇಕಿಲ್ಲ.) ಊರಲ್ಲಿ ಗುರುತಿನವರಿಲ್ಲ, ಹಣ ಕಡಿಮೆ, ಸಹಾಯ ಬೇಕು ಅಂದರೆ ಅದೇ ಹಾಸ್ಟೆಲ್‌ನ ಸೀನಿಯರ್‌ಗಳೇ ಗತಿ.

ಈ ಹೊಸಬರನ್ನ ಅವರು ‘ಬೆಜಾನಸ್’ ಅಂತ ಕರೀತಿದ್ದರು. ಫ್ರೆಂಚ್‌ನ ‘ಬೆಕ್ ಜೋನ್’ ಅನ್ನೋದರಿಂದ ಬಂದ ಪದ, ಅರ್ಥ ‘ಹಳದಿ ಕೊಕ್ಕು’. ಇನ್ನೂ ರೆಕ್ಕೆ ಬಲಿಯದ ಹಕ್ಕಿಮರಿ. ನಾವು ‘ಬಚ್ಚಾ’ ಅಂತೀವಲ್ಲ, ಅದೇ. ಮರಿ ಹಕ್ಕಿಯಾಗಬೇಕಾದರೆ ಸಹಪಾಠಿಗಳಿಗೆಲ್ಲ ತನ್ನ ದುಡ್ಡಿನಲ್ಲಿ ಊಟ, ವೈನ್ ಕೊಡಿಸಬೇಕಿತ್ತು.

ಯಾಕೆ ಹೀಗೆ? ‘ಯೂನಿವರ್ಸಿಟಿ’ ಪದದ ಮೂಲ ಲ್ಯಾಟಿನ್‌ನ ‘ಯೂನಿವರ್ಸಿಟಾಸ್’. ಆ ಕಾಲದಲ್ಲಿ ಅದಕ್ಕೆ ಒಂದು ಸಂಘ, ಒಂದು ಕೂಟ ಅನ್ನೋ ಅರ್ಥ ಇತ್ತು. ಅಂದಿನ ಯುರೋಪಿನ ಕಸುಬಿನ ಸಂಘಗಳಲ್ಲಿ ಹೊಸ ಸದಸ್ಯ ಹಳಬರಿಗೆ ಊಟ ಹಾಕಿಸೋ ವಾಡಿಕೆ ಸಾಮಾನ್ಯವಾಗಿತ್ತು. ಓದೋ ಹುಡುಗರ ಸಂಘವೂ ಅದನ್ನೇ ಮಾಡಿತು. ಆದರೆ ಕಸುಬುದಾರನಿಗೆ ನಾಳೆಯಿಂದ ಸಂಪಾದನೆ ಇರುತ್ತೆ, ಈ ಹುಡುಗನ ಕೈಯಲ್ಲಿ ಇದ್ದದ್ದು ಮನೆಯವರು ವರ್ಷದ ಖರ್ಚಿಗೆ ಕೊಟ್ಟ ದುಡ್ಡು.

ಇದು ಎಷ್ಟು ಅತಿಯಾಯಿತು ಅಂದರೆ ಅದೇ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯವೇ ಹೊಸಬರಿಂದ ಹಣ ಕೀಳಬಾರದು ಅಂತ ನಿಯಮ ಮಾಡಿತು. ಜೊತೆಗೆ ಒಂದು ಸಣ್ಣ ವಿನಾಯಿತಿಯನ್ನೂ ಇಟ್ಟಿತು: ಹೊಸಬ ತಾನಾಗೇ ಮನಸ್ಸಿನಿಂದ ಕೊಟ್ಟರೆ ತೆಗೆದುಕೊಳ್ಳಬಹುದು! ನಗು ಬರುತ್ತಲ್ವಾ? ಹತ್ತು ಜನ ಸೀನಿಯರ್‌ಗಳ ನಡುವೆ ನಿಂತ ಒಬ್ಬ ಹುಡುಗ ‘ಮನಸ್ಸಿನಿಂದ’ ಕೊಡೋದು.

ಭಾಗ 3 / 6: ಕೊಂಬು ಕತ್ತರಿಸೋ ಗರಗಸ

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1480ರ ಸುಮಾರಿಗೆ ‘ಮ್ಯಾನ್ಯುವಾಲೆ ಸ್ಕೊಲಾರಿಯಂ’ ಅನ್ನೋ ಪುಟ್ಟ ಪುಸ್ತಕ ಅಚ್ಚಾಯಿತು. ವಿದ್ಯಾರ್ಥಿಗಳಿಗೆ ಲ್ಯಾಟಿನ್ ಮಾತಾಡೋದು ಕಲಿಸೋ ಸಂಭಾಷಣೆಗಳ ಪುಸ್ತಕ. ಅದರಲ್ಲಿ ಒಂದು ಅಧ್ಯಾಯ ಪೂರ್ತಿ ಹೊಸ ಹುಡುಗನೊಬ್ಬನ ರ್‍ಯಾಗಿಂಗ್. ಇಬ್ಬರು ಹಳೇ ವಿದ್ಯಾರ್ಥಿಗಳು ಅವನ ರೂಮಿಗೆ ಬರ್ತಾರೆ, ‘ಏನಿದು ಕೆಟ್ಟ ನಾತ’ ಅಂತ ಮೂಗು ಮುಚ್ಚಿಕೊಳ್ತಾರೆ. ಅವನೊಂದು ಕಾಡುಪ್ರಾಣಿ ಅನ್ನೋ ಹಾಗೆ ಆಟ ಕಟ್ಟುತ್ತಾರೆ. ಇಲ್ಲದ ಕೊಂಬನ್ನ ಕತ್ತರಿಸೋದು, ಕೋರೆಹಲ್ಲು ಕೀಳೋದು, ಗಡ್ಡ ಬೋಳಿಸೋದು. ಕೊನೆಗೆ ಪಾಪ ನಿವೇದನೆಯ ಅಣಕ. ಆ ಪಾಪಕ್ಕೆ ಪರಿಹಾರ ಏನು ಗೊತ್ತಾ? ಎಲ್ಲರಿಗೂ ಪಾರ್ಟಿ ಕೊಡಿಸೋದು.

ಹೀಗೆ ಕೊಂಬು ತೆಗೆಯೋ ಆಚರಣೆಗೆ ‘ಡಿಪೊಸಿಶಿಯೊ’ ಅಂತ ಹೆಸರು. ಮುಂದೆ ವಿಶ್ವವಿದ್ಯಾಲಯಗಳೇ ಇದನ್ನ ಅಧಿಕೃತ ಸಮಾರಂಭ ಮಾಡಿಕೊಂಡವು. ದೊಡ್ಡ ಮರದ ಗರಗಸ, ಇಕ್ಕಳ, ಕತ್ತರಿ ಎಲ್ಲ ಮಾಡಿಸಿಟ್ಟಿದ್ದರು. ನಾಲಿಗೆಗೆ ಉಪ್ಪು, ಅದು ವಿವೇಕದ ಗುರುತು. ತಲೆ ಮೇಲೆ ವೈನ್, ಅದು ಸಂತೋಷದ ಗುರುತು. ತಡೆಯೋಕೆ ಆಗದೇ ಇದ್ದದ್ದಕ್ಕೆ ಒಂದು ಒಳ್ಳೇ ಅರ್ಥ ಹಚ್ಚಿ ತಮ್ಮದೇ ಮಾಡಿಕೊಂಡರು ಅಂತ ನನಗನ್ನಿಸುತ್ತೆ.

17ನೇ ಶತಮಾನದ ಜರ್ಮನಿಯಲ್ಲಿ ಇದರ ಕೆಟ್ಟ ರೂಪ ಬಂತು. ಹೆಸರು ‘ಪೆನ್ನಾಲಿಸಂ’. ಪೆನ್ನಾಲ್ ಅಂದರೆ ಪೆನ್ನು ಇಟ್ಟುಕೊಳ್ಳೋ ಡಬ್ಬಿ. ಹೊಸಬರು ಕ್ಲಾಸಿಗೆ ತಪ್ಪದೇ ಅದನ್ನ ತರ್ತಿದ್ದರು ಅಂತ ಅವರಿಗೇ ಆ ಅಡ್ಡಹೆಸರು (ಪೆನ್ನು ತರೋದೂ ತಪ್ಪೇ!). ಒಂದು ವರ್ಷಕ್ಕೂ ಮೇಲೆ ಹೊಸಬ ಸೀನಿಯರ್‌ಗಳ ಆಳು. ಒಳ್ಳೇ ಬಟ್ಟೆ ಕಿತ್ತುಕೊಂಡು ಹರಕು ಬಟ್ಟೆ ಕೊಡ್ತಿದ್ದರು. ಬಲವಂತವಾಗಿ ಕುಡಿಸ್ತಿದ್ದರು. ಸೇರಿದಾಗ ಒಂದು ಔತಣ, ಆ ಗುಲಾಮಗಿರಿ ಮುಗಿದು ‘ಬಿಡುಗಡೆ’ ಆದಾಗ ಇನ್ನೊಂದು. ಎರಡರ ಖರ್ಚೂ ಅವನದೇ.

ಇಷ್ಟೆಲ್ಲ ಯಾಕೆ ಸಹಿಸಿಕೊಂಡರು ಅಂದರೆ ಮುಂದಿನ ವರ್ಷ ಅವರೇ ಸೀನಿಯರ್. ಈ ವರ್ಷ ಕಳಕೊಂಡದ್ದನ್ನ ಮುಂದಿನ ವರ್ಷ ಇನ್ನೊಬ್ಬನ ಜೇಬಿನಿಂದ ವಸೂಲಿ ಮಾಡಬಹುದು. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಮೆಸ್ ಬಿಲ್‌ಗೆ ಅಂತ ಮನೆಯಿಂದ ಬಂದ ದುಡ್ಡನ್ನ ಎಣ್ಣೆ ಪಾರ್ಟಿಯ ಕಾಂಟ್ರಿಗೆ ಹಾಕಿ, ತಿಂಗಳ ಕೊನೆಯ ವಾರ ಬನ್ನು-ಟೀಯಲ್ಲಿ ಕಳೆದ. ಅವನೇ ಮುಂದಿನ ವರ್ಷ ಜೂನಿಯರ್ಸ್ ಹತ್ತಿರ ಕಾಂಟ್ರಿ ಎತ್ತೋದರಲ್ಲಿ ಮೊದಲಿಗ. ಕೆಟ್ಟವನೇನಲ್ಲ. ಅವನ ಲೆಕ್ಕದಲ್ಲಿ ಅದು ಸಾಲ ವಾಪಸ್ ಬಂದದ್ದು, ಅಷ್ಟೇ.

ಪೆನ್ನಾಲಿಸಂಗೆ ಪೆಟ್ಟು ಬಿದ್ದದ್ದು 1660ರ ದಶಕದಲ್ಲಿ. ಒಂದೊಂದೇ ವಿಶ್ವವಿದ್ಯಾಲಯ ನಿಷೇಧಿಸಿದಾಗ ಹುಡುಗರು ಪಕ್ಕದ ಊರಿನ ವಿಶ್ವವಿದ್ಯಾಲಯಕ್ಕೆ ಹೋಗ್ತಿದ್ದರು, ಫೀಸ್ ಕಳೆದುಕೊಳ್ಳೋ ಭಯಕ್ಕೆ ಇವರು ಸುಮ್ಮನಾಗ್ತಿದ್ದರು. ಕೊನೆಗೆ ಹಲವು ವಿಶ್ವವಿದ್ಯಾಲಯಗಳು ಒಟ್ಟಾಗಿ ಒಪ್ಪಂದ ಮಾಡಿಕೊಂಡವು: ಇದಕ್ಕಾಗಿ ಒಂದು ಕಡೆಯಿಂದ ಹೊರಹಾಕಿದವನನ್ನ ಇನ್ನೊಂದು ಕಡೆ ಸೇರಿಸಿಕೊಳ್ಳಲ್ಲ.

ಭಾಗ 4 / 6: ಉಪ್ಪು ಹಾಕಿದ ಬಿಯರ್

ಇಡೀ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ದೃಶ್ಯ ಇದು. ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜ್, 1648ರ ಫೆಬ್ರವರಿ, ಊಟದ ಹಾಲ್. ಹೊರಗೆ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧದ ಕಾಲ. ಒಳಗೆ ಬೆಂಕಿ ಹಾಕಿದ್ದಾರೆ, ಅಡುಗೆಯವನು ಹಿತ್ತಾಳೆ ಪಾತ್ರೆಯಲ್ಲಿ ‘ಕಾಡಲ್’ ಮಾಡಿಟ್ಟಿದ್ದಾನೆ. ಅಂದರೆ ಮದ್ಯಕ್ಕೆ ಮೊಟ್ಟೆ, ಸಕ್ಕರೆ, ಮಸಾಲೆ ಹಾಕಿ ಕಾಯಿಸಿದ ಬಿಸಿ ಬಿಸಿ ಗಂಜಿಯಂಥದ್ದು. ಖರ್ಚು ಯಾರದು? ಹೊಸಬರದು.

ಇದನ್ನೆಲ್ಲ ಬರೆದಿಟ್ಟವನು ಆ್ಯಂಟನಿ ವುಡ್. ಮುಂದೆ ಆಕ್ಸ್‌ಫರ್ಡ್‌ನ ದೊಡ್ಡ ಇತಿಹಾಸಕಾರ ಅನ್ನಿಸಿಕೊಂಡವನು, ಆ ರಾತ್ರಿ ಮಾತ್ರ ಹದಿನೈದು ವರ್ಷದ ಫ್ರೆಶರ್. ಒಬ್ಬೊಬ್ಬ ಹೊಸಬನೂ ಗೌನ್ ತೆಗೆದು, ಮೇಜಿನ ಮೇಲಿಟ್ಟ ಬೆಂಚಿನ ಮೇಲೆ ನಿಂತು ನಗಿಸೋ ಭಾಷಣ ಮಾಡಬೇಕು. ಚೆನ್ನಾಗಿದ್ದರೆ ಒಂದು ಕಪ್ ಕಾಡಲ್. ಸುಮಾರಾಗಿದ್ದರೆ ಸ್ವಲ್ಪ ಕಾಡಲ್, ಸ್ವಲ್ಪ ಉಪ್ಪು ಹಾಕಿದ ಪಾನೀಯ. ಸಪ್ಪೆಯಾಗಿದ್ದರೆ ಬರೀ ಉಪ್ಪಿನ ಬಿಯರ್. ಸಾಲದ್ದಕ್ಕೆ ‘ಟಕ್’ ಬೇರೆ: ಗಲ್ಲ ಹಿಡಿದು, ಕೆಳತುಟಿಯ ಕೆಳಗೆ ಹೆಬ್ಬೆರಳಿನ ಉಗುರು ಒತ್ತೋದು, ಕೆಲವೊಮ್ಮೆ ರಕ್ತ ಬರೋ ತನಕ. ಕೊನೆಗೆ ಹಿರಿಯ ಅಡುಗೆಯವನು ಒಂದು ಹಳೇ ಬೂಟು ಹಿಡಿದು ಪ್ರಮಾಣವಚನ ಬೋಧಿಸ್ತಾನೆ, ಹೊಸಬ ಆ ಬೂಟಿಗೆ ಮುತ್ತು ಕೊಡಬೇಕು.

ವುಡ್ ಚೆನ್ನಾಗಿ ಮಾತಾಡಿದ. ಅವನಿಗೆ ಕಾಡಲ್ ಜೊತೆ ಸ್ಪೇನ್ ಕಡೆಯ ಒಳ್ಳೇ ವೈನ್ ಸಿಕ್ಕಿತು. ತನ್ನ ಭಾಷಣವನ್ನೂ ಜೋಪಾನವಾಗಿ ಬರೆದಿಟ್ಟುಕೊಂಡ.

ನೋಡಿ, ಭಾಷಣ ಗೆದ್ದರೂ ಕುಡಿಯಬೇಕು, ಸೋತರೂ ಕುಡಿಯಬೇಕು. ರುಚಿ ಮಾತ್ರ ಬೇರೆ. ಗೆದ್ದವನು ಕಥೆ ಬರೆದ. ತೊದಲಿದವನು, ತುಟಿಯಿಂದ ರಕ್ತ ಒರೆಸಿಕೊಂಡವನು ಬರೆದ ಡೈರಿ ನಮ್ಮ ಕೈಗೆ ಬಂದಿಲ್ಲ. ‘ನಮ್ಮ ಕಾಲದಲ್ಲೂ ಇತ್ತು, ಮಜಾ ಇತ್ತು’ ಅಂತ ಯಾರಾದರೂ ಹೇಳಿದಾಗ ನನಗೆ ಈ ಹಾಲ್ ನೆನಪಾಗುತ್ತೆ.

ಇನ್ನೊಂದು ವಿಷಯ. ಎಷ್ಟೋ ಕಾಲದಿಂದ ಬಂದ ಸಂಪ್ರದಾಯ ಅಂತ ಅವರೆಲ್ಲ ನಂಬಿದ್ದ ಈ ಆಚರಣೆ 1660ರಲ್ಲಿ ರಾಜಪ್ರಭುತ್ವ ಮರಳಿದ ಹೊತ್ತಿಗೆ ನಿಂತುಹೋಯಿತು, ಈಗ ಯಾರಿಗೂ ಅದರ ನೆನಪೇ ಇಲ್ಲ ಅಂತ ವುಡ್‌ನೇ ತನ್ನ ಜೀವಿತಕಾಲದಲ್ಲಿ ಬರೆದ.

ಎಲ್ಲ ಕಡೆ ಹಾಗೆ ಆಗಲಿಲ್ಲ ಅನ್ನಿ. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನಲ್ಲಿ ಮೊದಲ ವರ್ಷದವರಿಗೆ ‘ಬೆಜೆಂಟ್’ ಅನ್ನೋ ಹೆಸರು ಉಳಿದಿದೆ. ಹೌದು, ಅದೇ ಹಳದಿ ಕೊಕ್ಕು. ತಮ್ಮನ್ನ ನೋಡಿಕೊಂಡ ಸೀನಿಯರ್‌ಗಳಿಗೆ ಅವರು ಒಂದು ಪೌಂಡ್ ಒಣದ್ರಾಕ್ಷಿ ಕೊಡೋ ವಾಡಿಕೆ ಇತ್ತು. ಈಗ ಆ ಜಾಗಕ್ಕೆ ವೈನ್ ಬಾಟಲಿ ಬಂದಿದೆ.

ಭಾಗ 5 / 6: ನಾಲ್ಕನೆಯವನು

ಲಂಡನ್, 1888. ರಾಜ್‌ಕೋಟ್‌ನಿಂದ ಬಂದ ಹತ್ತೊಂಬತ್ತರ ಹುಡುಗ ಬ್ಯಾರಿಸ್ಟರ್ ಓದೋಕೆ ಇನ್ನರ್ ಟೆಂಪಲ್ ಸೇರ್ತಾನೆ. ಹೆಸರು ಮೋಹನದಾಸ ಗಾಂಧಿ. ‘ಗಾಂಧೀಜಿ ಬಿಡಪ್ಪ, ಅವರು ಮಹಾತ್ಮ’ ಅಂತ ಸ್ಕ್ರಾಲ್ ಮಾಡಬೇಡಿ. ಆಗ ಅವರು ನಾಚಿಕೆಯ ಸ್ವಭಾವದ, ಇಂಗ್ಲಿಷ್ ಮಾತಾಡೋಕೆ ತಡವರಿಸೋ ಹುಡುಗ.

ಅಲ್ಲಿಗೆ ಹೋದವರೆಲ್ಲ ಕುಡೀತಾರಂತೆ ಅಂತ ತಾಯಿ ಪುತಲೀಬಾಯಿಗೆ ಹೆದರಿಕೆ. ಬೇಚರ್‌ಜೀ ಸ್ವಾಮಿ ಅನ್ನೋ ಜೈನ ಸಾಧುವಿನ ಮುಂದೆ ಮದ್ಯ, ಮಾಂಸ, ಹೆಣ್ಣು ಮುಟ್ಟಲ್ಲ ಅಂತ ಪ್ರಮಾಣ ಮಾಡಿಸಿ ಕಳಿಸಿದರು. ಹಡಗಿನಲ್ಲೇ ಬುದ್ಧಿವಾದ ಶುರು: ಇಂಗ್ಲೆಂಡಿನ ಚಳಿಗೆ ಮಾಂಸ ತಿನ್ನದೇ ಬದುಕೋಕೆ ಆಗಲ್ಲ ಅಂತ ಒಬ್ಬ ಇಂಗ್ಲಿಷ್ ಪ್ರಯಾಣಿಕ. ಕಾಳಜಿಯಿಂದಲೇ ಹೇಳಿದ್ದು ಅದು. ಒತ್ತಾಯ ಯಾವಾಗಲೂ ಗದರಿಸಿಕೊಂಡು ಬರಲ್ಲ.

ಲಂಡನ್‌ನಲ್ಲಿ ಬ್ಯಾರಿಸ್ಟರ್ ಆಗೋಕೆ ಪರೀಕ್ಷೆ ಪಾಸಾದರೆ ಸಾಲದು, ಊಟಕ್ಕೂ ಅಟೆಂಡೆನ್ಸ್ ಇತ್ತು! ಒಟ್ಟು 12 ಟರ್ಮ್. ಪ್ರತಿ ಟರ್ಮ್‌ನ ಸುಮಾರು 24 ಊಟಗಳಲ್ಲಿ ಕನಿಷ್ಠ ಆರಕ್ಕೆ ಹೋಗಿ ಕೂರಲೇಬೇಕು. ನಾಲ್ಕು ಜನರ ಒಂದೊಂದು ಗುಂಪಿಗೆ ಎರಡು ಬಾಟಲಿ ವೈನ್. ಇಲ್ಲಿ ಕುಡಿತ ಪಿಜಿ ರೂಮಿನ ಕಳ್ಳ ಪಾರ್ಟಿ ಅಲ್ಲ, ಸಂಸ್ಥೆಯೇ ಹಾಕಿದ ಎಲೆ. ಊಟಕ್ಕೆ ದುಡ್ಡೂ ಕಟ್ಟಬೇಕು.

ಗಾಂಧಿ ಎದ್ದು ಹೋಗಲಿಲ್ಲ, ಯಾರಿಗೂ ಉಪದೇಶ ಮಾಡಲಿಲ್ಲ. ಕೂತರು, ಕುಡಿಯಲಿಲ್ಲ. ಆಗಿದ್ದು ಏನು? ಅವರಿದ್ದ ಮೇಜಿನಲ್ಲಿ ಎರಡು ಬಾಟಲಿ ಮೂರೇ ಜನಕ್ಕೆ. ಹಾಗಾಗಿ ನಮ್ಮ ಗುಂಪಿಗೆ ಬಾ, ನಮ್ಮ ಗುಂಪಿಗೆ ಬಾ ಅಂತ ಡಿಮ್ಯಾಂಡ್! ಷಾಂಪೇನ್ ಕೊಡೋ ವಿಶೇಷ ರಾತ್ರಿಯಂದು ತಪ್ಪದೇ ಬಾ ಅಂತ ಕೇಳಿಕೊಳ್ತಿದ್ದರಂತೆ. ಇದನ್ನ ಅವರೇ ಆತ್ಮಕಥೆಯಲ್ಲಿ ನಗುನಗುತ್ತಾ ಬರೆದಿದ್ದಾರೆ. ಮುಂದೆ ಒಬ್ಬ ಪಾರ್ಸಿ ವಿದ್ಯಾರ್ಥಿ ಜೊತೆ ಸೇರಿ ಸಸ್ಯಾಹಾರಕ್ಕೆ ಅರ್ಜಿ ಹಾಕಿ, ಅದನ್ನೂ ಪಡೆದರು.

ಅವರು ಯಾವ ಒತ್ತಡಕ್ಕೂ ಬಗ್ಗದವರಾಗಿದ್ದರು ಅಂತಲ್ಲ. ‘ಜಂಟಲ್‌ಮನ್’ ಕಾಣಬೇಕು ಅಂತ ಬಾಂಡ್ ಸ್ಟ್ರೀಟ್‌ನಲ್ಲಿ 10 ಪೌಂಡ್‌ನ ಸೂಟು ಹೊಲಿಸಿದರು, ಡ್ಯಾನ್ಸ್ ಕ್ಲಾಸಿಗೆ ಮೂರು ಪೌಂಡ್ ಕಟ್ಟಿದರು, ಪಿಟೀಲು ಕೊಂಡರು. ಇದಕ್ಕೆಲ್ಲ ಅಣ್ಣ ಕಷ್ಟಪಟ್ಟು ಕಳಿಸ್ತಿದ್ದ ದುಡ್ಡು. ಹೊಸ ಊರಲ್ಲಿ ಎಲ್ಲರ ಹಾಗೆ ಕಾಣಬೇಕು ಅನ್ನೋ ಆಸೆ ಅವರಿಗೂ ನಮ್ಮಷ್ಟೇ ಇತ್ತು. ಅದರ ನಡುವೆ ಒಂದು ಗೆರೆ ಮಾತ್ರ ದಾಟಲಿಲ್ಲ.

ಇವತ್ತೂ ಕುಡಿಯದ ಫ್ರೆಂಡ್‌ಗೆ ಡಿಮ್ಯಾಂಡ್ ಇದೆ, ಬಿಡಿ. ರಾತ್ರಿ ಎಲ್ಲರನ್ನೂ ರೂಮಿಗೆ ತಲುಪಿಸೋನು ಅವನೇ.

ಭಾಗ 6 / 6: ನಾವು ಸೈನ್ ಹಾಕಿದ ಪೇಪರ್

ನಮ್ಮ ದೇಶಕ್ಕೆ ಇಂಗ್ಲಿಷ್ ಮಾದರಿಯ ಕಾಲೇಜು, ಹಾಸ್ಟೆಲ್ ಬಂದಾಗ ‘ರ್‍ಯಾಗಿಂಗ್’ ಅನ್ನೋ ಪದವೂ ಬ್ರಿಟಿಷ್ ವಿದ್ಯಾರ್ಥಿಗಳ ಆಡುಮಾತಿನಿಂದಲೇ ಬಂತು. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದನ್ನ ಅಪರಾಧ ಅಂತ ಬರೆದಿದೆ. ವಿದ್ಯಾರ್ಥಿಯ ಘನತೆಗೆ ಕುಂದು ತರೋ ಕೆಲಸವನ್ನ ತಮಾಷೆಯ ಹೆಸರಲ್ಲಿ ಮಾಡಿಸಿದರೂ ಅದು ರ್‍ಯಾಗಿಂಗ್. ‘ಸುಮ್ನೆ ಜೋಕ್ ಮಾಡಿದ್ವಿ ಸಾರ್’ ಅಂತ ತಪ್ಪಿಸಿಕೊಳ್ಳೋಕೆ ಅಲ್ಲಿ ಜಾಗ ಇಲ್ಲ.

2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಮೆಡಿಕಲ್ ಕಾಲೇಜೊಂದರಲ್ಲಿ ಕುಡಿದ ಸೀನಿಯರ್‌ಗಳು ಹೊಡೆದು, ಮೊದಲ ವರ್ಷದ ವಿದ್ಯಾರ್ಥಿ ಅಮನ್ ಕಚ್ರೂ ಸತ್ತುಹೋದ. ಹತ್ತೊಂಬತ್ತು ವರ್ಷ. ಅದೇ ವರ್ಷ ಯುಜಿಸಿ ದೇಶಕ್ಕೆಲ್ಲ ಅನ್ವಯಿಸೋ ರ್‍ಯಾಗಿಂಗ್ ವಿರೋಧಿ ನಿಯಮ ತಂದಿತು. ಅಡ್ಮಿಶನ್ ದಿನ ನಾವು, ನಮ್ಮ ಅಪ್ಪ ಅಮ್ಮ ಓದದೇ ಸೈನ್ ಹಾಕಿದ ಅಫಿಡವಿಟ್ ಇದೆಯಲ್ಲ, ಅದು ಬಂದದ್ದು ಇಲ್ಲಿಂದ.

ಆ ನಿಯಮದ ರ್‍ಯಾಗಿಂಗ್ ಪಟ್ಟಿಯಲ್ಲಿ ಹೊಡೆತ, ಬೈಗುಳದ ಜೊತೆಗೆ ಒಂದು ಸಾಲು ಇದೆ, ಅದನ್ನ ಹೆಚ್ಚು ಜನ ಗಮನಿಸಿಲ್ಲ. ಹೊಸಬರಿಂದ ಹಣ ಸುಲಿಯೋದು, ಅವರ ಮೇಲೆ ಬಲವಂತದ ಖರ್ಚು ಹೇರೋದು ಕೂಡ ರ್‍ಯಾಗಿಂಗ್. ಪ್ಯಾರಿಸ್‌ನವರು ‘ಮನಸ್ಸಿನಿಂದ ಕೊಟ್ಟರೆ ಪರವಾಗಿಲ್ಲ’ ಅಂತ ಬಿಟ್ಟಿದ್ದ ಸಂದಿನಲ್ಲೇ ಇವತ್ತಿನ ‘ಕಾಂಟ್ರಿ ಹಾಕು’, ‘ಟ್ರೀಟ್ ಕೊಡ್ಸು’ ಎಲ್ಲ ನುಸುಳೋದು. ಈ ಸಾಲು ಕೈ ಹಾಕಿರೋದು ಅಲ್ಲಿಗೇ. ಬಾಟಲಿ ಮುಟ್ಟಿಸದೇ ಬರೀ ಬಿಲ್ ಕಟ್ಟಿಸಿದರೂ ಅದು ಅಪ್ಲೈ ಆಗುತ್ತೆ. ಇನ್ನು ಕರ್ನಾಟಕದ ಅಬಕಾರಿ ನಿಯಮದಲ್ಲಿ 21 ತುಂಬದವರಿಗೆ ಮದ್ಯ ಮಾರೋ ಹಾಗೇ ಇಲ್ಲ. ಅಂದರೆ ಫಸ್ಟ್ ಇಯರ್‌ನ ಬಹುತೇಕ ಎಲ್ಲರೂ ಆ ಗೆರೆಯ ಈಚೆ.

ಯುಜಿಸಿ ಸಹಾಯವಾಣಿ: 1800-180-5522. ಟೋಲ್ ಫ್ರೀ, 24 ಗಂಟೆ. ಸೇವ್ ಮಾಡಿಕೊಳ್ಳಿ, ಈ ವರ್ಷ ಸೇರಿದ ತಮ್ಮ ತಂಗಿಯರಿಗೂ ಕಳಿಸಿ.