ಗಡಿಯಲ್ಲಿ ನಿಂತ ಹೊಗೆಬಂಡಿ

ಹುಬ್ಬಳ್ಳಿಯಿಂದ ಗೋವೆಗೆ ರೈಲಿನಲ್ಲಿ ಹೋದವರಿಗೆಲ್ಲ ಕ್ಯಾಸಲ್‌ರಾಕ್ ಗೊತ್ತು. ಲೋಂಡಾ ದಾಟಿ ಕಾಡು ಹೊಕ್ಕ ಬಂಡಿ ಇಲ್ಲಿ ತುಸು ನಿಂತು ಘಟ್ಟ ಇಳಿಯತೊಡಗುತ್ತದೆ. ಆಗ ನಿಮ್ಮ ಕಣ್ಣು ದೂಧಸಾಗರವನ್ನು ಹುಡುಕುತ್ತಿರುತ್ತದೆ. ಆದರೆ ಒಮ್ಮೆ ಆರು ವರ್ಷಗಳ ಕಾಲ ಈ ನಿಲ್ದಾಣದಿಂದ ಗೋವೆಗೆ ಬಂಡಿಯೇ ಇಳಿಯಲಿಲ್ಲವೆಂಬುದನ್ನು ನೀವು ಬಲ್ಲಿರಾ?

ಈ ಹಾದಿ ಹುಟ್ಟಿದ್ದು ಎರಡು ಸರಕಾರಗಳ ಕರಾರಿನಿಂದ. 1878ರಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಪ್ಪಂದ ಮಾಡಿಕೊಂಡರು. ಗೋವೆಯ ಉಪ್ಪಿನ ಹತೋಟಿ ಬ್ರಿಟಿಷರಿಗೆ. ಪ್ರತಿಯಾಗಿ ಪೋರ್ತುಗೀಜರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಗಡಿಯ ಸುಂಕ ರದ್ದಾಗಬೇಕು. ಮುರಗಾಂವ ಬಂದರಿನಿಂದ ರೈಲು ಬರಬೇಕು. ಧಾರವಾಡ ಸೀಮೆಯ ಹತ್ತಿಗೆ ಸಮುದ್ರದ ಬಾಗಿಲು ತೆರೆಯುವುದೆಂಬ ಆಸೆ. ಕೆಳಗಿನಿಂದ ಪೋರ್ತುಗೀಜ್ ರೈಲ್ವೆಯ ಹಳಿ, ಮೇಲಿನಿಂದ ಸದರ್ನ್ ಮರಾಠಾ ರೈಲ್ವೆಯ ಹಳಿ ಬಂದು, 1888ರಲ್ಲಿ ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಘಟ್ಟದ ಏರು ಸುಮಾರು 37 ಅಡಿಗೆ ಒಂದು ಅಡಿ. ಒಂದೇ ಎಂಜಿನ್ನಿಗೆ ಎಳೆಯಲಾಗದ ಭಾರವನ್ನು ಹಿಂದಿನಿಂದ ಇನ್ನೊಂದು ನೂಕಬೇಕು. 1892ರಲ್ಲಿ ಕರಾರು ಮುಗಿಯಿತು, ಸುಂಕದ ತಪಾಸಣೆ ಮರಳಿತು. ಹಳಿ ಮಾತ್ರ ಉಳಿಯಿತು.

ಆ ಹಳಿಯೂ ಮೌನವಾದದ್ದು 1955ರಲ್ಲಿ. ಆಗಸ್ಟ್ 15ರಂದು ಗೋವೆಯ ಬಿಡುಗಡೆಗಾಗಿ ಸತ್ಯಾಗ್ರಹಿಗಳು ಗಡಿ ದಾಟಿದರು. ಅವರು ಹೊಕ್ಕ ದಾರಿಗಳಲ್ಲಿ ಕ್ಯಾಸಲ್‌ರಾಕ್ ಕೂಡ ಒಂದು. ಬರಿಗೈಯಲ್ಲಿ ಬಂದವರ ಮೇಲೆ ಪೋರ್ತುಗೀಜ್ ಪೊಲೀಸರು ಗಡಿಯುದ್ದಕ್ಕೂ ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭಾರತ ಸರಕಾರ ಗೋವೆಯೊಡನೆ ಸಂಚಾರವನ್ನೂ ವ್ಯಾಪಾರವನ್ನೂ ಕಡಿದುಹಾಕಿತು. ಬಂಡಿ ನಿಂತಿತು. ಘಟ್ಟದ ಮೇಲಿನ ಊರುಗಳ ತರಕಾರಿ ಕೆಳಗಿಳಿಯದಾಯಿತು. ಹಾಲೆಂಡಿನ ಆಲೂಗಡ್ಡೆ, ಸಿಂಹಳದ ಚಹಾ, ಜಪಾನಿನ ಸಿಮೆಂಟು ಹಡಗಿನಲ್ಲಿ ಗೋವೆಗೆ ಬಂದವು. ಬೆಳಗಾವಿ ಎಷ್ಟು ಹತ್ತಿರ, ಹಾಲೆಂಡ್ ಎಷ್ಟು ದೂರ, ನೀವೇ ಎಣಿಸಿ ನೋಡಿ!

ಹಡಗಿನ ಸರಕಿಗೆ ಸಮುದ್ರವಿತ್ತು. ಮೇಲೊಂದು, ಕೆಳಗೊಂದು ಮನೆಯಿದ್ದ ಬಡವರಿಗೆ ಇದ್ದುದು ಈ ಹಳಿ. ಮದುವೆಗೂ ಮರಣಕ್ಕೂ ಅವರು ಪರವಾನಗಿಯ ದಾರಿ ಕಾಯಬೇಕಾಯಿತು.

1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಬಳಿಕ ಬಂಡಿ ಮತ್ತೆ ಓಡಿತು. 1990ರ ದಶಕದಲ್ಲಿ ಮೀಟರ್ ಗೇಜಿನ ಹಳಿ ಹೋಗಿ ಬ್ರಾಡ್ ಗೇಜ್ ಬಂದಿತು. ಈಗ ಕ್ಯಾಸಲ್‌ರಾಕ್‌ನಲ್ಲಿ ನಿಮ್ಮ ಗಂಟುಮೂಟೆಯನ್ನು ಸುಂಕದವರು ಬಿಚ್ಚಿಸುವುದಿಲ್ಲ. ಮುಂದಿನ ಸಲ ಬಂಡಿ ಅಲ್ಲಿ ನಿಂತಾಗ ತಡವಾಯಿತೆಂದು ಬೇಸರಪಡುವ ಮುನ್ನ, ಆರು ವರ್ಷ ಕಾದವರನ್ನು ಒಂದು ಗಳಿಗೆ ನೆನೆಯಿರಿ.